ಅಂಕದ ಪಕ್ಕದ ವಾಕ್ಯ: ವರ್ತನೆ ಆಧಾರಿತ ಮಾಪಕಗಳ ಬಗ್ಗೆ ಒಂದು ಟಿಪ್ಪಣಿ

ವರ್ತನೆ ಆಧಾರಿತ ಮೌಲ್ಯಮಾಪನ ಮಾಪಕವನ್ನು, ಅಂದರೆ ಅಂಕದ ಪಕ್ಕದಲ್ಲಿ ಅದಕ್ಕೆ ತಕ್ಕ ವರ್ತನೆಯನ್ನು ಹೇಳುವ ವಾಕ್ಯವಿರುವ ಮಾಪಕವನ್ನು, ಇಂದು ಹೆಚ್ಚಾಗಿ ಬಲ್ಲವರು ಕಂಪನಿಗಳ ಸಿಬ್ಬಂದಿ ವಿಭಾಗದವರು. ಆದರೆ ಅದು ಹುಟ್ಟಿದ್ದು ಆಸ್ಪತ್ರೆಯ ವಾರ್ಡುಗಳಿಗಾಗಿ. ಮನಶ್ಶಾಸ್ತ್ರಜ್ಞರಾದ ಪೆಟ್ರೀಶಿಯಾ ಕೇನ್ ಸ್ಮಿತ್ ಮತ್ತು ಕೆಂಡಾಲ್ 1963ರಲ್ಲಿ ಪ್ರಕಟಿಸಿದ ಮೂಲ ಲೇಖನದ ವಿಷಯ ನರ್ಸ್‌ಗಳ ಕೆಲಸವನ್ನು ಅಳೆಯುವುದು ಹೇಗೆ ಎಂಬುದೇ ಆಗಿತ್ತು.

ಅವರ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹೆಡ್ ನರ್ಸ್‌ಗಳು ಒಳ್ಳೆಯ ನರ್ಸ್‌ಗೆ ಬೇಕಾದ ಗುಣಗಳನ್ನು ತಾವೇ ಪಟ್ಟಿ ಮಾಡಿ, ಒಂದೊಂದಕ್ಕೂ ಕಂಡ ವರ್ತನೆಯ ಉದಾಹರಣೆ ಬರೆದರು. ಉದಾಹರಣೆಗಳನ್ನು ಕಲಸಿ ಬೇರೊಂದು ಗುಂಪಿಗೆ ಕೊಟ್ಟು, ಯಾವುದು ಯಾವ ಗುಣಕ್ಕೆ ಸೇರುತ್ತದೆ ಎಂದು ಕೇಳಲಾಯಿತು. ಮೂಲ ಗುಣಕ್ಕೇ ಮರಳದ ಉದಾಹರಣೆ ಬಿದ್ದುಹೋಯಿತು. ಉಳಿದವುಗಳಿಗೆ ಅಂಕ ಕೊಡಿಸಿ, ಹೆಚ್ಚು ಭಿನ್ನಾಭಿಪ್ರಾಯ ಬಂದವನ್ನೂ ಕೈಬಿಟ್ಟರು. ಕೊನೆಗೆ ಮಾಪಕದ ಮೇಲೆ ಉಳಿದದ್ದು ಕೆಲಸ ಮಾಡುವವರದೇ ಮಾತಿನ, ಅವರೇ ಒಪ್ಪಿದ ವಾಕ್ಯಗಳು.

ಅಳತೆಯ ನಿಖರತೆಯ ವಿಷಯದಲ್ಲಿ ಮಾತ್ರ ಫಲ ನಿರಾಸೆಯದು. ಒಂದು ಗುಣದ ಮೆಚ್ಚುಗೆ ಉಳಿದ ಗುಣಗಳ ಅಂಕಕ್ಕೂ ಹರಡುವ ದೋಷವನ್ನು ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ಹೊಸ ಮಾಪಕ ಅದನ್ನು ಅಳಿಸೀತೆಂಬ ನಿರೀಕ್ಷೆಯಿತ್ತು. ಆದರೆ ಸಂಶೋಧಕರಾದ ಲ್ಯಾಂಡಿ ಮತ್ತು ಫಾರ್ 1980ರ ಸಮೀಕ್ಷೆಯಲ್ಲಿ, ಮಾಪಕದ ನಮೂನೆ ಬದಲಿಸಿದ್ದರಿಂದ ಸಿಕ್ಕ ಲಾಭ ಅಲ್ಪವೆಂದು ತೀರ್ಮಾನಿಸಿದರು. ಆದ್ದರಿಂದ ಅಂತಿಮ ಅಂಕಕ್ಕೆ ಈ ಮಾಪಕ ಹೆಚ್ಚು ನ್ಯಾಯ ಒದಗಿಸುತ್ತದೆ ಎಂದು ವಾದಿಸಲು ನನಗೆ ಧೈರ್ಯವಿಲ್ಲ.

ಹಿಮ್ಮಾಹಿತಿಯ ಮಾತು ಬೇರೆ. 'ರೋಗಿಯೊಂದಿಗೆ ಸಂವಹನ: ಐದರಲ್ಲಿ ಮೂರು' ಎಂದರೆ ವಾರ್ಡಿನಲ್ಲಿ ಕಲಿಯುವ ವಿದ್ಯಾರ್ಥಿಗೆ ತಿಳಿಯುವುದು ತಾನು ಸಾಧಾರಣ ಎಂಬುದಷ್ಟೇ. 'ಮಾತ್ರೆ ಯಾವಾಗ ನುಂಗಬೇಕೆಂದು ಹೇಳುತ್ತಾರೆ, ಆದರೆ ಅರ್ಥವಾಯಿತೇ ಎಂದು ರೋಗಿಯ ಬಾಯಿಂದ ಹೇಳಿಸಿ ನೋಡುವುದಿಲ್ಲ' ಎಂಬ ವಾಕ್ಯ ಪಕ್ಕದಲ್ಲಿದ್ದರೆ, ನಾಳೆ ಹಾಸಿಗೆಯ ಬಳಿ ಮಾಡಬೇಕಾದದ್ದು ಸ್ಪಷ್ಟ. ಸಂಶೋಧಕರಾದ ಕ್ಲೂಗರ್ ಮತ್ತು ಡಿನೀಸಿ 1996ರಲ್ಲಿ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಿಮ್ಮಾಹಿತಿ ಸರಾಸರಿಯಲ್ಲಿ ಉಪಕಾರಿಯಾಗಿದ್ದರೂ ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಸಾಧನೆಯನ್ನು ತಗ್ಗಿಸಿತ್ತು. ಗಮನ ಕೆಲಸದಿಂದ ವ್ಯಕ್ತಿಯತ್ತ ಹೊರಳಿದಷ್ಟೂ ಫಲ ಕುಗ್ಗುತ್ತದೆಂಬುದು ಅವರ ವಿವರಣೆ. ಬರಿಯ ಅಂಕ ವ್ಯಕ್ತಿಗೆ ಅಂಟಿಕೊಳ್ಳುತ್ತದೆ. ವಾಕ್ಯ ಕೆಲಸದ ಬಳಿಯೇ ಇರುತ್ತದೆ.

ತೊಡಕುಗಳೂ ಇವೆ. ಒಬ್ಬನೇ ವಿದ್ಯಾರ್ಥಿಯಲ್ಲಿ ಮಾಪಕದ ಮೇಲಿನ ವಾಕ್ಯವೂ ಕೆಳಗಿನ ವಾಕ್ಯವೂ ನಿಜವಾಗಬಹುದು. ಮಕ್ಕಳ ವಾರ್ಡಿಗೆ ಬರೆದದ್ದು ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೊಂದುವುದಿಲ್ಲ. ಕಣ್ಣಾರೆ ನೋಡದೆ ಅಂಕ ತುಂಬುವ ಅಧ್ಯಾಪಕರಿಗಂತೂ ಯಾವ ಮಾಪಕವೂ ಔಷಧಿಯಲ್ಲ.

ನಮ್ಮಲ್ಲಿ 2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಾಗ ಸೂಚಿಸಿದ, ವಿದ್ಯಾರ್ಥಿಯ ಕೌಶಲಗಳನ್ನು ದಾಖಲಿಸುವ ಲಾಗ್‌ಬುಕ್ ನಮೂನೆಯಲ್ಲಿ ನಿರೀಕ್ಷೆಗಿಂತ ಕಡಿಮೆ, ನಿರೀಕ್ಷೆಗೆ ತಕ್ಕಂತೆ, ನಿರೀಕ್ಷೆ ಮೀರಿ ಎಂಬ ಮೂರು ದರ್ಜೆಗಳಿವೆ. ಹಿಮ್ಮಾಹಿತಿ ಪಡೆದದ್ದಕ್ಕೆ ವಿದ್ಯಾರ್ಥಿಯ ಸಹಿಗೂ ಒಂದು ಅಂಕಣವಿದೆ. ಯಾರ ನಿರೀಕ್ಷೆ, ಏನು ನಿರೀಕ್ಷೆ ಎಂಬುದನ್ನು ಆ ದರ್ಜೆಗಳು ಹೇಳುವುದಿಲ್ಲ. ಅದನ್ನು ಬರೆಯುವುದು ಕಾಲೇಜಿನ ವಿಭಾಗಗಳ ಕೈಯಲ್ಲಿದೆ. ಮೊದಲು ಇಂಜೆಕ್ಷನ್ ಕೊಡುವಂಥ ಒಂದೇ ಕೌಶಲ ಆರಿಸಿಕೊಳ್ಳಿ. ಸ್ಟಾಫ್ ನರ್ಸ್‌ಗಳನ್ನೂ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು, ಅವರು ಕಂಡ ವರ್ತನೆಗಳನ್ನು ಅವರ ಮಾತಿನಲ್ಲೇ ಬರೆಸಿ.