ಹಾಲು ಕೊಡದ ಮಣಕಕ್ಕೆ ಹಿಂಡಿ ಯಾಕೆ?

ನಮ್ಮ ಕುಂದಗೋಳದ ಕಡೆ ಸೀಗಿ ಹುಣ್ಣಿಮೆ ಅಂದರೆ ಹೊಲಕ್ಕೆ ಸೀಮಂತ. ಬೆಳೆದು ನಿಂತ ಪೈರು ಬಸುರಿ ಇದ್ದ ಹಾಗೆ ಅಂತ ಹೋಳಿಗೆ, ಕಡುಬು, ಪುಂಡಿ ಪಲ್ಯ ಒಯ್ದು ಚರಗ ಚೆಲ್ಲಿ ಬರುತ್ತೇವೆ. ಅದೇ ದಿನ ಹಿತ್ತಲಲ್ಲಿ ಕಟ್ಟಿದ ಗಬ್ಬದ ಮಣಕದ ಮುಂದೆ ಏನಿರುತ್ತಿತ್ತು? ಬರೀ ಜೋಳದ ಕಣಕಿ. (ಮಣಕ ಅಂದರೆ ಇನ್ನೂ ಒಮ್ಮೆಯೂ ಈಯದ ಆಕಳು. ಬೇರೆ ಕಡೆ ಕಡಸು ಅಂತಾರೆ.) "ಹಾಲ ಕೊಡದ ಮಣಕಕ್ಕ ಹಿಂಡಿ ಯಾಕೋ ತಮ್ಮಾ?" ಅನ್ನುತ್ತಿದ್ದಳು ನಮ್ಮಜ್ಜಿ.

ಅದು ಅಜ್ಜಿಯ ಜಿಪುಣತನ ಅಂತ ಬಹಳ ದಿನ ತಿಳಿದಿದ್ದೆ. ಅಲ್ಲ, ಅದಕ್ಕೊಂದು ಇತಿಹಾಸವಿದೆ.

ಎರೆಭೂಮಿಯಲ್ಲಿ ಎತ್ತೇ ಆಸ್ತಿ. ಹತ್ತಿಕಾಳು, ಹುರಳಿ ಮೊದಲು ಎತ್ತಿಗೆ. ಆಮೇಲೆ ಹಿಂಡುವ ಎಮ್ಮೆಗೆ. ಆಕಳು, ಕರು, ಮಣಕಗಳಿಗೆ ಉಳಿದದ್ದು. ಲಾರ್ಡ್ ಲಿನ್ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗ 1928ರ ವರದಿಯಲ್ಲಿ ದೇಶದ ಬಹುಭಾಗದಲ್ಲಿ ಇದೇ ಕ್ರಮವನ್ನು ಗುರುತಿಸಿತ್ತು. ಆಗ ಕುಂದಗೋಳ ಬ್ರಿಟಿಷರದ್ದಲ್ಲ, ಜಮಖಂಡಿ ಸಂಸ್ಥಾನದ್ದು. ರಾಜ್ಯ ಬೇರೆಯಾದರೂ ಗೋದಲಿಯ ಕಾಯಿದೆ ಒಂದೇ!

ಅದೇ 1928ರಲ್ಲಿ ಲಂಡನ್ನಿನ ಜಾಗತಿಕ ಹೈನು ಸಮ್ಮೇಳನದಲ್ಲಿ ರಾಬರ್ಟ್ ಬೌಟ್‌ಫ್ಲವರ್ ಎಂಬ ಇಂಗ್ಲೆಂಡಿನ ಕೃಷಿ ತಜ್ಞ ಉಲ್ಟಾ ಮಾತು ಹೇಳಿದ. ಹಾಲು ಬೇಕಿದ್ದರೆ ಈಯುವ ಮೊದಲೇ, ಕೆಲವು ವಾರ ಮುಂಚಿನಿಂದ ದಾಣಿ ಹಾಕಿ ಅಂತ. ಈ ಪದ್ಧತಿಗೆ 'ಸ್ಟೀಮಿಂಗ್ ಅಪ್' ಅಂತ ಹೆಸರಾಯಿತು. ಉಗಿಬಂಡಿ ಹೊರಡುವ ಹೊತ್ತಿಗೆ ಬೆಂಕಿ ಹಚ್ಚಿದರೆ ಹೇಗೆ? ಮೊದಲೇ ಹಚ್ಚಿ ಉಗಿ ಕಟ್ಟಿರಬೇಕಲ್ಲ. ಹಾಗೆ.

ಇದರ ಲೆಕ್ಕ ನೋಡಿ. ಆಕಳಿನ ಗಬ್ಬ ಸುಮಾರು 280 ದಿನ. ಕರುವಿನ ತೂಕದ ಅರ್ಧಕ್ಕೂ ಹೆಚ್ಚು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಕೆಚ್ಚಲಿನಲ್ಲಿ ಹಾಲು ಮಾಡುವ ಜೀವಕೋಶಗಳು ಹೆಚ್ಚುವುದೂ ಆಗಲೇ. ಮೇಲಾಗಿ ಚೊಚ್ಚಲ ಮಣಕ ತಾನೂ ಇನ್ನೂ ಬೆಳೆಯುತ್ತಿರುತ್ತದೆ. ಮೂರು ಬೆಳವಣಿಗೆಗೆ ಬಾಯಿ ಒಂದೇ! ಈದ ಮೇಲೆ ಹಾಲು ಏರುವಷ್ಟು ಬೇಗ ಮೇವಿನ ಹಸಿವು ಏರುವುದಿಲ್ಲ. ಆಗ ಮೈಯಲ್ಲಿ ಕೂಡಿಟ್ಟದ್ದೇ ಕರಗಿ ಹಾಲಾಗಬೇಕು. ಕೂಡಿಟ್ಟದ್ದೇ ಇಲ್ಲದಿದ್ದರೆ? ಹಾಲು ತುದಿಗೇರುವ ಆರೆಂಟು ವಾರದ ಹೊತ್ತಿಗೆ ದಿನಕ್ಕೆ ಒಂದು ಲೀಟರ್ ಕಡಿಮೆಯಾದರೆ, ಇಡೀ ಸೂಲಿನಲ್ಲಿ ಸುಮಾರು 200 ಲೀಟರ್ ಹೋಯಿತು ಅಂತ ಹೈನು ತಜ್ಞರ ಅಂದಾಜು. ಮತ್ತೆ ಬೆದೆಗೆ ಬರುವುದೂ ತಡ.

ಇನ್ನು ನಮ್ಮ ಕಡೆ ಬರೋಣ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿ ನಿಗಮ ಬಂತು. 1984ರಲ್ಲಿ ಅದು ಕೆ.ಎಂ.ಎಫ್. ಆಯಿತು. 1986ರಲ್ಲಿ ಧಾರವಾಡ ಹಾಲು ಒಕ್ಕೂಟ. ಊರೂರಿಗೆ ಡೇರಿ, ಮಿಶ್ರತಳಿ ಆಕಳು, ಪಶು ಆಹಾರದ ಚೀಲ ಎಲ್ಲ ಬಂದವು. ಆದರೆ ಡೇರಿಯಲ್ಲಿ ರೊಕ್ಕ ಬರುವುದು ಕ್ಯಾನಿಗೆ ಬಿದ್ದ ಹಾಲಿಗೆ. ಹಾಗಾಗಿ ಚೀಲದ ಬಾಯಿ ಬಿಚ್ಚುವುದೂ ಹಿಂಡುವ ಆಕಳಿಗೆ ಮಾತ್ರ. ಮಣಕ ಲೆಕ್ಕದ ಹೊರಗೇ ಉಳಿಯಿತು. ಅಜ್ಜಿಯ ಹಳೇ ಕಾಯಿದೆಗೆ ಹೊಸ ಪಾಸ್‌ಬುಕ್ಕು ಸಿಕ್ಕಂತಾಯಿತು, ಅಷ್ಟೇ.

ಹಾಗಂತ ಸಿಕ್ಕಾಪಟ್ಟೆ ಸುರಿಯುವುದೂ ತಪ್ಪು. ಅಮೆರಿಕದ ಸ್ವಾನ್ಸನ್ ಎಂಬ ವಿಜ್ಞಾನಿ 1960ರಲ್ಲಿ ಅವಳಿ ಕಡಸುಗಳ ಪ್ರಯೋಗವನ್ನು ಪ್ರಕಟಿಸಿದ. ಚಿಕ್ಕಂದಿನಿಂದ ಕೊಬ್ಬಿಸಿ ಬೆಳೆಸಿದ್ದು ತನ್ನ ಅವಳಿಗಿಂತ ಕಡಿಮೆ ಹಾಲು ಕೊಟ್ಟಿತು. ಕೆಚ್ಚಲು ಸರಿಯಾಗಿ ಬೆಳೆದೇ ಇರಲಿಲ್ಲ. ಗಬ್ಬದ ಕೊನೆಯಲ್ಲಿ ಅತಿ ಕೊಬ್ಬಿದ ಆಕಳೂ ಈದ ಮೇಲೆ ಮೇವು ಬಿಟ್ಟು ಕಾಯಿಲೆ ಬೀಳುತ್ತದೆ ಅಂತ ಆಮೇಲೆ ತಿಳಿಯಿತು. ಈಗ ನಮ್ಮಲ್ಲಿ ಹೇಳುವುದು ಇಷ್ಟು: ಏಳನೇ ತಿಂಗಳಿನಿಂದ ದಿನಕ್ಕೆ ಒಂದು, ಒಂದೂವರೆ ಕಿಲೋ ಹೆಚ್ಚುವರಿ ಪಶು ಆಹಾರ, ಹಸಿಮೇವು, ಖನಿಜ ಮಿಶ್ರಣ. ಮೈ ತುಂಬಿರಬೇಕು, ಕೊಬ್ಬಿರಬಾರದು.

ನಮ್ಮ ಮನೆಯ ಮೊದಲ ಮಿಶ್ರತಳಿ ಮಣಕ ಕಣಕಿ ತಿಂದೇ ಈಯಿತು. ಎಲುಬು ಎದ್ದು ಕಾಣುತ್ತಿತ್ತು. ಹಾಲು ಏರಲೇ ಇಲ್ಲ. "ಜಾತಿ ಸರಿ ಇಲ್ಲ" ಅಂತ ಅಪ್ಪ ಸಂತೆಗೆ ಹೊಡೆದರು. ಜಾತಿಯ ತಪ್ಪಲ್ಲ, ಗೋದಲಿಯ ತಪ್ಪು ಅಂತ ನನಗೆ ತಿಳಿಯುವಷ್ಟರಲ್ಲಿ ಬಹಳ ವರ್ಷ ಕಳೆದಿದ್ದವು.

ಈ ಸಲ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಹಿತ್ತಲಿಗೂ ಒಮ್ಮೆ ಹೋಗಿ ನೋಡಿ. ಅಲ್ಲೂ ಒಬ್ಬಳು ಬಸುರಿ ಕಟ್ಟಿಸಿಕೊಂಡು ನಿಂತಿರಬಹುದು.