ಪಂಪ್ ಆ್ಯಕ್ಷನ್ ಶಾಟ್‌ಗನ್‌ನ ಶುಚೀಕರಣ ಮತ್ತು ನಿರ್ವಹಣೆ

ಪಂಪ್ ಆ್ಯಕ್ಷನ್ ಶಾಟ್‌ಗನ್ ಎಂಬುದು ನಳಿಗೆಯ ಕೆಳಗಿರುವ ಮುಂಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ, ಸುಟ್ಟ ತೋಟೆಯನ್ನು ಹೊರಹಾಕಿ ಹೊಸ ತೋಟೆಯನ್ನು ತುಂಬಿಕೊಳ್ಳುವ ಚರೆಕೋವಿಯಾಗಿದೆ. ಈ ಕೋವಿಯಿಂದ ಮದ್ದಿನ ಮಸಿ, ಸೀಸ, ಪ್ಲಾಸ್ಟಿಕ್ ಲೇಪ ಹಾಗೂ ತೇವಾಂಶವನ್ನು ತೆಗೆದು, ಚಲಿಸುವ ಭಾಗಗಳಿಗೆ ಹಿತಮಿತವಾಗಿ ಎಣ್ಣೆ ಸವರಿ, ತುಕ್ಕು ಹಿಡಿಯದಂತೆ ಕಾಪಿಡುವ ಕಾರ್ಯವನ್ನು ಶುಚೀಕರಣ ಮತ್ತು ನಿರ್ವಹಣೆ ಎನ್ನುತ್ತಾರೆ. ಇದರ ಮುಖ್ಯ ಉದ್ದೇಶ ಹೊಳಪಲ್ಲ, ಸುರಕ್ಷತೆ. ನಳಿಗೆಯಲ್ಲಿ ಉಳಿದ ಒಂದು ಬಟ್ಟೆಯ ತುಂಡು ಅಥವಾ ಮರೆತುಹೋದ ಒಂದು ತೋಟೆ ಪ್ರಾಣಹಾನಿಗೆ ಕಾರಣವಾಗಬಲ್ಲದು.

ಹಿನ್ನೆಲೆ

ಈ ಬಗೆಯ ಕೋವಿಯು ಅಮೆರಿಕದಲ್ಲಿ ರೂಪುಗೊಂಡಿತು. ಕ್ರಿಸ್ಟೋಫರ್ ಸ್ಪೆನ್ಸರ್ ಮತ್ತು ಸಿಲ್ವೆಸ್ಟರ್ ರೋಪರ್ 1882ರಲ್ಲಿ ಇಂತಹ ಕೋವಿಗೆ ಪೇಟೆಂಟ್ ಪಡೆದರು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1897 ಮಾದರಿಯು ಮೊದಲನೆಯ ಮಹಾಯುದ್ಧದಲ್ಲಿಯೂ ಬಳಕೆಯಾಯಿತು. 1950ರಲ್ಲಿ ಬಂದ ರೆಮಿಂಗ್ಟನ್ 870 ಮತ್ತು ಅನಂತರದ ಮಾಸ್‌ಬರ್ಗ್ 500 ಇಂದಿಗೂ ಪ್ರಚಲಿತವಾಗಿವೆ.

ಹಳೆಯ ಕೋವಿಗಳಲ್ಲಿ ಬಳಸುತ್ತಿದ್ದ ಕರಿಮದ್ದಿನ ಶೇಷವು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಬೇಗನೆ ತುಕ್ಕು ಹಿಡಿಸುತ್ತಿತ್ತು. ಆದ್ದರಿಂದ ನಳಿಗೆಯನ್ನು ಬಿಸಿನೀರಿನಿಂದ ತೊಳೆದು ಒಣಗಿಸುವುದು ಅನಿವಾರ್ಯವಾಗಿತ್ತು. ಇಂದಿನ ಹೊಗೆರಹಿತ ಮದ್ದು ಅಷ್ಟು ಹಾನಿಕರವಲ್ಲ. ಆದರೆ ಆಧುನಿಕ ತೋಟೆಯೊಳಗಿನ ಪ್ಲಾಸ್ಟಿಕ್ ಬಟ್ಟಲು ನಳಿಗೆಯ ಒಳಗೋಡೆಗೆ ತಿಕ್ಕಿ ತೆಳುವಾದ ಲೇಪವನ್ನು ಬಿಡುತ್ತದೆ. ಅದರ ಅಡಿಯಲ್ಲಿ ತೇವ ಸಿಲುಕಿದರೆ ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ.

ಪೂರ್ವಸಿದ್ಧತೆ ಮತ್ತು ಸುರಕ್ಷತೆ

ಶುಚೀಕರಣದ ವೇಳೆ ಸಂಭವಿಸುವ ಅವಘಡಗಳಿಗೆ ಸಾಮಾನ್ಯ ಕಾರಣ, ಕೋವಿ ಖಾಲಿಯಿದೆ ಎಂಬ ತಪ್ಪು ನಂಬಿಕೆ. ಪಂಪ್ ಕೋವಿಯಲ್ಲಿ ತೋಟೆಗಳು ಎರಡು ಕಡೆ ಇರಬಹುದು: ನಳಿಗೆಯ ಹಿಂಬದಿಯ ಕೋಣೆಯಲ್ಲಿ ಒಂದು, ನಳಿಗೆಯ ಕೆಳಗಿನ ಮ್ಯಾಗಝೀನ್ ಕೊಳವೆಯಲ್ಲಿ ಹಲವು. ಕೋಣೆಯನ್ನು ಮಾತ್ರ ನೋಡಿ ಮುಂಹಿಡಿಯನ್ನು ಸರಿಸಿದರೆ, ಕೊಳವೆಯಲ್ಲಿದ್ದ ತೋಟೆ ತಾನಾಗಿಯೇ ಕೋಣೆಯನ್ನು ಸೇರುತ್ತದೆ. ಆದ್ದರಿಂದ ಕೆಳಗಿನ ಕ್ರಮವನ್ನು ಪಾಲಿಸಬೇಕು.

1. ಕೋವಿಯ ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ದೂರವಿಡಬೇಕು.
2. ಸುರಕ್ಷಾ ಗುಂಡಿಯನ್ನು ಹಾಕಿ, ಮುಂಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದು, ಎಲ್ಲ ತೋಟೆಗಳನ್ನೂ ಹೊರತೆಗೆಯಬೇಕು.
3. ಕೋಣೆ ಮತ್ತು ಕೊಳವೆಯ ಬಾಯಿಯನ್ನು ಕಣ್ಣಿನಿಂದ ನೋಡಿ, ಅನಂತರ ಬೆರಳಿನಿಂದ ಮುಟ್ಟಿಯೂ ಖಚಿತಪಡಿಸಿಕೊಳ್ಳಬೇಕು.
4. ತೋಟೆಗಳನ್ನು ಶುಚೀಕರಣ ನಡೆಯುವ ಕೋಣೆಯಿಂದ ಹೊರಗೆ ಇಡಬೇಕು.

ವಿಂಚೆಸ್ಟರ್ 1897ರಂತಹ ಹಳೆಯ ಮಾದರಿಗಳಲ್ಲಿ ಟ್ರಿಗರ್ ಒತ್ತಿ ಹಿಡಿದೇ ಮುಂಹಿಡಿಯನ್ನು ಮುಂದೂಡಿದರೆ ತೋಟೆ ಸಿಡಿಯುತ್ತದೆ. ಇವುಗಳನ್ನು ಹೆಚ್ಚಿನ ಎಚ್ಚರದಿಂದ ಪರೀಕ್ಷಿಸಬೇಕು.

ಮಸಿಯಲ್ಲಿ ಸೀಸದ ಅಂಶವಿರುವುದರಿಂದ ಗಾಳಿಯಾಡುವ ಸ್ಥಳದಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿ ಕೆಲಸ ಮಾಡುವುದು ಒಳ್ಳೆಯದು. ಕೆಲಸ ಮುಗಿಯುವವರೆಗೆ ಏನನ್ನೂ ತಿನ್ನಬಾರದು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಶುದ್ಧೀಕರಣ ದ್ರಾವಕಗಳಲ್ಲಿ ಹಲವು ಸುಲಭವಾಗಿ ಹೊತ್ತಿಕೊಳ್ಳುವಂಥವು. ಹತ್ತಿರ ಬೆಂಕಿ ಇರಕೂಡದು.

ಶುಚೀಕರಣದ ವಿಧಾನ

ನಳಿಗೆ: ಹೆಚ್ಚಿನ ಆಧುನಿಕ ಮಾದರಿಗಳಲ್ಲಿ ಮ್ಯಾಗಝೀನ್ ಕೊಳವೆಯ ತುದಿಯ ಮುಚ್ಚಳವನ್ನೋ ತಿರುಪನ್ನೋ ಬಿಚ್ಚಿದರೆ ನಳಿಗೆ ಹೊರಬರುತ್ತದೆ. ಕೆಲವು ಮಾದರಿಗಳಲ್ಲಿ ಮುಚ್ಚಳದ ಹಿಂದಿನ ಸ್ಪ್ರಿಂಗ್ ಒತ್ತಡದಲ್ಲಿದ್ದು ಮುಖಕ್ಕೆ ಚಿಮ್ಮಬಹುದಾದ್ದರಿಂದ ತಯಾರಕರ ಕೈಪಿಡಿಯನ್ನು ಅನುಸರಿಸಬೇಕು. ದ್ರಾವಕದಲ್ಲಿ ನೆನೆಸಿದ ಬಟ್ಟೆಯನ್ನು ಸರಳಿಗೆ ಸಿಕ್ಕಿಸಿ ಹಿಂಬದಿಯಿಂದ ಬಾಯಿಯ ಕಡೆಗೆ ತಳ್ಳಬೇಕು. ಕೆಲವು ನಿಮಿಷ ಬಿಟ್ಟು ಕಂಚಿನ ಬ್ರಷ್‌ನಿಂದ ಉಜ್ಜಿ, ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಬೇಕು. ಕಂಚು ಉಕ್ಕಿಗಿಂತ ಮೃದುವಾದ್ದರಿಂದ ಒಳಮೈಯನ್ನು ಗೀರುವುದಿಲ್ಲ. ಕಡೆಯಲ್ಲಿ ಒಂದೆರಡು ಹನಿ ಎಣ್ಣೆಯ ಬಟ್ಟೆಯನ್ನು ಹಾಯಿಸಬೇಕು. ಬಾಯಿಯಲ್ಲಿ ತಿರುಗಿಸಿ ಕೂರಿಸುವ ಚೋಕ್ ಇದ್ದರೆ ಅದನ್ನು ಬಿಚ್ಚಿ, ಎಳೆಗಳನ್ನು ಒರೆಸಿ ಎಣ್ಣೆ ಸವರಬೇಕು. ಇಲ್ಲವಾದರೆ ಅದು ನಳಿಗೆಗೆ ಅಂಟಿಕೊಂಡುಬಿಡುತ್ತದೆ.

ಕೋಣೆ: ತೋಟೆ ಕೂರುವ ಈ ಭಾಗದಲ್ಲಿ ಮಸಿ ಅಥವಾ ತುಕ್ಕು ಇದ್ದರೆ ಸುಟ್ಟ ತೋಟೆ ಸಿಕ್ಕಿಕೊಳ್ಳುತ್ತದೆ. ತೋಟೆ ಹೊರಬರದಿರುವ ದೂರುಗಳಲ್ಲಿ ಬಹುಪಾಲು ಇಲ್ಲಿಯೇ ಬಗೆಹರಿಯುತ್ತದೆ.

ಬೋಲ್ಟ್ ಮತ್ತು ಟ್ರಿಗರ್ ಜೋಡಣೆ: ಬೋಲ್ಟಿನ ಮುಖವನ್ನೂ ತೋಟೆಯನ್ನು ಎಳೆಯುವ ಕೊಕ್ಕೆಯ ಸಂದನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಬಹುದು. ಟ್ರಿಗರ್ ಜೋಡಣೆಯನ್ನು ಇಡಿಯಾಗಿ ಹೊರತೆಗೆದು ಒರೆಸಬಹುದು. ಅದರ ಸಣ್ಣ ಸ್ಪ್ರಿಂಗ್‌ಗಳನ್ನು ಬಿಚ್ಚುವ ಕೆಲಸ ಅನುಭವಿ ಕುಶಲಕರ್ಮಿಗೆ ಸೇರಿದ್ದು.

ಎಣ್ಣೆಯ ಪ್ರಮಾಣ: ಅತಿಯಾದ ಎಣ್ಣೆ ಧೂಳನ್ನು ಹಿಡಿದಿಟ್ಟು ಮಡ್ಡಿಯಾಗುತ್ತದೆ, ತೋಟೆಯ ಕೇಪಿಗೆ ಇಳಿದು ಅದನ್ನು ಕೆಡಿಸಬಹುದು, ಮರದ ಹಿಡಿಯೊಳಗೆ ಸೇರಿ ಮರವನ್ನು ಮೆತ್ತಗಾಗಿಸುತ್ತದೆ. ಲೋಹದ ಮೇಲೆ ಕಂಡೂ ಕಾಣದಷ್ಟು ತೆಳುವಾದ ಪದರ ಸಾಕು.

ನಳಿಗೆಯಲ್ಲಿನ ಅಡ್ಡಿ

ಮರುಜೋಡಿಸುವ ಮುನ್ನ ನಳಿಗೆಯನ್ನು ಬೆಳಕಿಗೆ ಹಿಡಿದು ಆರಪಾರ ನೋಡುವುದು ಕಡ್ಡಾಯ. ಕೆಸರು, ಬಟ್ಟೆ ಅಥವಾ ಕಣಜದ ಗೂಡು ಅಡ್ಡವಿದ್ದಾಗ ಈಡು ಹಾರಿಸಿದರೆ ನಳಿಗೆ ಸಿಡಿಯಬಹುದು. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ.; 20 ಬೋರಿನದು ಸುಮಾರು 15.6 ಮಿ.ಮೀ. ತಪ್ಪಿ ತುಂಬಿದ 20 ಬೋರಿನ ತೋಟೆ ಕೋಣೆಯನ್ನು ದಾಟಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿಯಾಗಿ ಕಾಣುವುದರಿಂದ ಅದರ ಹಿಂದೆಯೇ 12 ಬೋರಿನ ತೋಟೆಯನ್ನು ತುಂಬಿ ಹಾರಿಸಿದರೆ ಎರಡೂ ಸಿಡಿದು ನಳಿಗೆ ಸೀಳುವ ಅಪಾಯವಿದೆ. ಈ ಕಾರಣದಿಂದಲೇ 20 ಬೋರಿನ ತೋಟೆಗಳನ್ನು ಹಳದಿ ಬಣ್ಣದಲ್ಲಿ ತಯಾರಿಸುವ ರೂಢಿ ಬಂದಿದೆ.

ಸಂಗ್ರಹಣೆ

ಕೈಬೆವರಿನ ಉಪ್ಪು ತುಕ್ಕಿಗೆ ಆಹ್ವಾನವಿತ್ತಂತೆ. ಮುಟ್ಟಿದಾಗಲೆಲ್ಲ ಕೋವಿಯನ್ನು ಒರೆಸಿಡಬೇಕು. ಚರ್ಮದ ಅಥವಾ ಬಟ್ಟೆಯ ಚೀಲ ತೇವವನ್ನು ಹಿಡಿದಿಡುವುದರಿಂದ ದೀರ್ಘಕಾಲದ ಸಂಗ್ರಹಕ್ಕೆ ಯೋಗ್ಯವಲ್ಲ. ಬೀಗವಿರುವ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ತೋಟೆಗಳಿಗೆ ಬೇರೆಯೇ ಬೀಗವಿರಬೇಕು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಕೋವಿ ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಕೋವಿ ದುರಸ್ತಿಯನ್ನು ವೃತ್ತಿಯಾಗಿ ನಡೆಸುವವರಿಗೂ ಪರವಾನಗಿ ಅಗತ್ಯ; ಪರವಾನಗಿಯಿಲ್ಲದೆ ನಳಿಗೆಯನ್ನು ಮೊಟಕುಗೊಳಿಸುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ.

ಕರ್ನಾಟಕದ ಮಲೆನಾಡು ಮತ್ತು ಕರಾವಳಿಯಲ್ಲಿ ರೈತರು ಬೆಳೆರಕ್ಷಣೆಗೆಂದು ಹೊಂದಿರುವ ಕೋವಿಗಳು ಬಹುತೇಕ ಒಂಟಿನಳಿಗೆ ಅಥವಾ ಜೋಡುನಳಿಗೆಯವು. ಶುಚೀಕರಣದ ಮೂಲ ನಿಯಮಗಳು ಅವುಗಳಿಗೂ ಅನ್ವಯಿಸುತ್ತವೆ. ಮಳೆಗಾಲದ ತೇವದಲ್ಲಿ ಬಳಸದ ಕೋವಿಯನ್ನೂ ಆಗಾಗ ತೆಗೆದು ಒರೆಸಬೇಕಾಗುತ್ತದೆ. ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದಾಗ, ಒಪ್ಪಿಸುವ ಮುನ್ನವೂ ಮರಳಿ ಪಡೆದ ಮೇಲೂ ಶುಚಿಗೊಳಿಸುವುದು ಅವಶ್ಯಕ.

ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನು ಶುಚಿಗೊಳಿಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸಲಾಗುತ್ತದೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಸಾಮಾನ್ಯವಾಗಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಈ ಹಬ್ಬದಲ್ಲಿ ಆಯುಧದ ಶುಚೀಕರಣವು ಆಚರಣೆಯ ಭಾಗವೇ ಆಗಿದೆ.