ಸುಮ್ಮನೆ ನಿಂತ ಮಕ್ಕಳು, ಮನಸ್ಸು ಬದಲಿಸಿದ ಕೋರ್ಟು

ಅಮೆರಿಕದ ನ್ಯಾಯವ್ಯವಸ್ಥೆ ಅಂದ ಕೂಡಲೇ ನಮ್ಮಲ್ಲಿ ಎರಡು ಥರದ ಮಾತು ಕೇಳಿಬರುತ್ತದೆ. ವ್ಯಕ್ತಿ ಸ್ವಾತಂತ್ರ್ಯ ಅಂದ್ರೆ ಏನು ಅಂತ ಅಲ್ಲಿ ಹೋಗಿ ನೋಡಿ ಎನ್ನುವ ಹೊಗಳಿಕೆ ಒಂದು, ಅದೆಲ್ಲ ಬರೀ ತೋರಿಕೆ ಎನ್ನುವ ತಿರಸ್ಕಾರ ಇನ್ನೊಂದು. ಯಾವುದಕ್ಕೂ ತಲೆಯಾಡಿಸುವ ಮುಂಚೆ ನೀವು 1940 ಮತ್ತು 1943ರ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಸುಪ್ರೀಂ ಕೋರ್ಟು, ಒಂದೇ ಪ್ರಶ್ನೆ. ಉತ್ತರ ಮಾತ್ರ ತದ್ವಿರುದ್ಧ.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲು ಗಣಿಗಳ ಊರು. 1935ರಲ್ಲಿ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷದ ವಿಲಿಯಂ ಗೋಬೈಟಸ್ ಬೆಳಗಿನ ಧ್ವಜವಂದನೆಗೆ ಕೈ ಎತ್ತಲಿಲ್ಲ. ಮರುದಿನ ಅವನ ಅಕ್ಕ, ಹನ್ನೆರಡರ ಲಿಲಿಯನ್ ಕೂಡ ಎತ್ತಲಿಲ್ಲ. ಗಲಾಟೆ ಮಾಡಲಿಲ್ಲ, ಸುಮ್ಮನೆ ನಿಂತಿದ್ದರು ಅಷ್ಟೇ. ಅವರದು ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಥ. ದೇವರ ಹೊರತು ಬೇರಾವುದಕ್ಕೂ ವಂದಿಸಕೂಡದು ಎನ್ನುವುದು ಅವರ ನಂಬಿಕೆ. ವಿಲಿಯಂ ತನ್ನ ಕೈಬರಹದಲ್ಲೇ ಶಾಲಾ ಮಂಡಳಿಗೆ ಪತ್ರ ಬರೆದು ಕಾರಣ ತಿಳಿಸಿದ. ಮಂಡಳಿ ಇಬ್ಬರನ್ನೂ ಶಾಲೆಯಿಂದ ಹೊರಹಾಕಿತು. ತಂದೆಯ ದಿನಸಿ ಅಂಗಡಿಗೆ ಬಹಿಷ್ಕಾರ ಬಿತ್ತು.

ಕೆಳಗಿನ ಎರಡೂ ಕೋರ್ಟುಗಳಲ್ಲಿ ಮಕ್ಕಳೇ ಗೆದ್ದರು. 1940ರ ಜೂನ್ 3ರಂದು ಸುಪ್ರೀಂ ಕೋರ್ಟು 8-1ರಿಂದ ಅದನ್ನು ತಿರುಗಿಸಿಬಿಟ್ಟಿತು. ತೀರ್ಪು ಬರೆದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಕೆಟ್ಟ ಮನುಷ್ಯರಲ್ಲ. ಹನ್ನೆರಡನೇ ವಯಸ್ಸಿಗೆ ವಿಯೆನ್ನಾದಿಂದ ವಲಸೆ ಬಂದ ಯಹೂದಿ. ಆ ವಾರ ಹಿಟ್ಲರನ ಸೇನೆ ಪ್ಯಾರಿಸ್ ಕಡೆ ಸಾಗುತ್ತಿತ್ತು. ದೇಶದ ಭದ್ರತೆಗೆ ಏಕತೆಯೇ ಬುನಾದಿ, ಶಾಲೆಯಲ್ಲಿ ಏನು ಕಲಿಸಬೇಕೆಂದು ಹೇಳುವುದು ನ್ಯಾಯಾಧೀಶರ ಕೆಲಸವಲ್ಲ, ಚುನಾಯಿತರದು ಎಂದು ಅವರು ವಾದಿಸಿದರು. ತಳ್ಳಿಹಾಕುವಂಥ ವಾದವಲ್ಲ ಅದು. ಒಪ್ಪದೆ ಬರೆದವರು ಒಬ್ಬರೇ, ಹಾರ್ಲನ್ ಸ್ಟೋನ್. ಚುನಾಯಿತರ ಕೈಗೆ ಸಿಕ್ಕಿ ನಲುಗುವ ಸಣ್ಣ ಗುಂಪಿಗೆ ಕೋರ್ಟು ಬಿಟ್ಟರೆ ಯಾರು ದಿಕ್ಕು ಎನ್ನುವುದು ಅವರ ಪ್ರಶ್ನೆಯ ಸಾರ.

ಮುಂದೆ ನಡೆದದ್ದನ್ನು ನೀವು ಗಮನವಿಟ್ಟು ನೋಡಿ. ತೀರ್ಪು ಬಂದು ಒಂದು ವಾರವೂ ಆಗಿರಲಿಲ್ಲ, ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಗುಂಪೊಂದು ಆ ಪಂಥದವರ ಸಭಾಭವನಕ್ಕೆ ಬೆಂಕಿ ಇಟ್ಟಿತು. ಅದೇ ತಿಂಗಳ ಕೊನೆಗೆ ವೆಸ್ಟ್ ವರ್ಜೀನಿಯಾದ ರಿಚ್‌ವುಡ್‌ನಲ್ಲಿ ಅವರಿಗೆ ಬಲವಂತವಾಗಿ ಹರಳೆಣ್ಣೆ ಕುಡಿಸಿ, ಹಗ್ಗದಲ್ಲಿ ಕಟ್ಟಿ ಬೀದಿಯಲ್ಲಿ ನಡೆಸಿದರು. ಮುಂದೆ ನಿಂತವನು ಒಬ್ಬ ಡೆಪ್ಯುಟಿ ಶೆರಿಫ್! (ಅವನಿಗೆ ಆಮೇಲೆ ಶಿಕ್ಷೆಯಾಯಿತು.) ಇವರು ದೇಶದ್ರೋಹಿಗಳು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಎಂದು ದಕ್ಷಿಣದ ಇನ್ನೊಬ್ಬ ಶೆರಿಫ್ ಪತ್ರಕರ್ತೆಗೆ ಅಂದನಂತೆ. ಕೋರ್ಟು ಹಾಗೆ ಹೇಳಿರಲೇ ಇಲ್ಲ. ಕೈ ಎತ್ತಿಸುವ ಅಧಿಕಾರ ಶಾಲೆಗಿದೆ ಎಂದಿತ್ತು, ಅಷ್ಟೇ. ಆದರೆ ತೀರ್ಪು ಗ್ರಂಥಾಲಯದಿಂದ ಬೀದಿಗೆ ಇಳಿಯುವಷ್ಟರಲ್ಲಿ ಅದರ ನುಣುಪಾದ ತರ್ಕವೆಲ್ಲ ಉದುರಿಹೋಗಿ ಬರೀ ಪರವಾನಗಿ ಉಳಿದಿರುತ್ತದೆ.

1942ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದ ಶಿಕ್ಷಣ ಮಂಡಳಿ ಇದೇ ತೀರ್ಪಿನ ಆಧಾರದ ಮೇಲೆ ಧ್ವಜವಂದನೆ ಕಡ್ಡಾಯ ಮಾಡಿತು. ಕೈ ಎತ್ತದ ಮಗು ಶಾಲೆಯಿಂದ ಹೊರಗೆ. ಹೊರಹಾಕಿದ ಮೇಲೆ ಆ ಮಗು ಕಾನೂನುಬಾಹಿರವಾಗಿ ಗೈರುಹಾಜರು. ಗೈರುಹಾಜರಾದದ್ದಕ್ಕೆ ತಂದೆತಾಯಿಗೆ 50 ಡಾಲರ್‌ವರೆಗೆ ದಂಡ, 30 ದಿನದವರೆಗೆ ಜೈಲು. ಹೊರಹಾಕಿದವರೇ ಗೈರುಹಾಜರಿಯನ್ನೂ ಗುರುತು ಮಾಡುವುದು! ದಿನಾ ಹಾಜರಿ ಪುಸ್ತಕ ಹಿಡಿಯುವ ನನ್ನಂಥ ಮೇಷ್ಟ್ರುಗಳಿಗೆ ಇದರ ಕ್ರೂರ ಜಾಣತನ ಬೇಗ ಅರ್ಥವಾಗುತ್ತದೆ. ಹಾಗಾಗಿ ಬಾರ್ನೆಟ್ ಮನೆಯ ಎಂಟೊಂಬತ್ತು ವರ್ಷದ ಇಬ್ಬರು ಹುಡುಗಿಯರು, ಗ್ಯಾಥಿ ಮತ್ತು ಮೇರಿ, ಬೆಳಗ್ಗೆ ತಪ್ಪದೆ ಶಾಲೆಗೆ ಹೋಗುತ್ತಿದ್ದರು. ಅಲ್ಲಿಂದ ವಾಪಸ್ ಕಳಿಸುತ್ತಿದ್ದರು.

ಆಗಿನ ವಂದನೆ ಎದೆಯ ಮೇಲೆ ಕೈ ಇಡುವುದಲ್ಲ, ತೋಳನ್ನು ಮುಂದಕ್ಕೆ ನೇರ ಚಾಚುವುದು. ಅದು ಹಿಟ್ಲರನಿಗೆ ಹಾಕುವ ಸೆಲ್ಯೂಟಿನಂತೆಯೇ ಕಾಣುತ್ತಿತ್ತು. ಅಮೆರಿಕದ ಸಂಸತ್ತು ಅದನ್ನು ಬದಲಿಸಿದ್ದು 1942ರ ಡಿಸೆಂಬರ್‌ನಲ್ಲಿ, ಯುದ್ಧಕ್ಕೆ ಇಳಿದು ಒಂದು ವರ್ಷವಾದ ಮೇಲೆ.

ಅಷ್ಟರಲ್ಲಿ ಕೋರ್ಟಿನೊಳಗೂ ಲೆಕ್ಕ ಬದಲಾಗಿತ್ತು. ಮೊದಲ ತೀರ್ಪಿಗೆ ಸಹಿ ಮಾಡಿದ್ದ ಬ್ಲ್ಯಾಕ್, ಡಗ್ಲಸ್, ಮರ್ಫಿ ಮೂವರೂ 1942ರಲ್ಲಿ ಬೇರೊಂದು ಪ್ರಕರಣದಲ್ಲಿ, ಅಂದು ನಾವು ಮಾಡಿದ್ದು ತಪ್ಪಾಗಿತ್ತು ಎಂದು ಬಹಿರಂಗವಾಗಿ ಬರೆದರು. ನ್ಯಾಯಾಧೀಶರು ಹೀಗೆ ಬರೆಯುವುದು ಅಪರೂಪ. ಸ್ಟೋನ್ ಸೇರಿ ನಾಲ್ಕಾಯಿತು. ಹೊಸದಾಗಿ ಬಂದ ಜಾಕ್ಸನ್ ಮತ್ತು ರಟ್ಲೆಜ್ ಸೇರಿದಾಗ ಆರು. 1943ರ ಜೂನ್ 14, ಅಮೆರಿಕದ ಧ್ವಜ ದಿನ. ಅಂದೇ 6-3ರಿಂದ ಬಾರ್ನೆಟ್ ತೀರ್ಪು ಹೊರಬಿತ್ತು. (ಕೋರ್ಟಿನ ದಾಖಲೆಯಲ್ಲಿ ಗೋಬೈಟಸ್ ಹೋಗಿ ಗೋಬೈಟಿಸ್ ಆಯಿತು, ಬಾರ್ನೆಟ್ ಹೆಸರಿಗೆ ಕೊನೆಯಲ್ಲಿ ಒಂದು ಅಕ್ಷರ ಅಂಟಿಕೊಂಡಿತು. ಬಡವರ ಹೆಸರು ಯಾವ ಕಚೇರಿಯಲ್ಲಿ ಸರಿಯಾಗಿ ಬರೆದಾರು ಹೇಳಿ.)

ಬರೆದವರು ರಾಬರ್ಟ್ ಜಾಕ್ಸನ್, ಮುಂದೆ ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿರುದ್ಧ ಅಭಿಯೋಜಕರಾದವರು. ಅವರು ಪ್ರಶ್ನೆಯನ್ನೇ ಹೊರಳಿಸಿದರು. ಒಂದು ಪಂಥಕ್ಕೆ ವಿನಾಯಿತಿ ಕೊಡಬೇಕೋ ಬೇಡವೋ ಎಂಬುದಲ್ಲ ಮಾತು, ನಂಬದ ಮಾತನ್ನು ಯಾರ ಬಾಯಿಂದಲಾದರೂ ಬಲವಂತವಾಗಿ ಹೊರಡಿಸುವ ಅಧಿಕಾರ ಸರ್ಕಾರಕ್ಕೆ ಇದೆಯೇ? ಇಲ್ಲ ಎಂದರು. 1791ರಲ್ಲಿ ಸಂವಿಧಾನಕ್ಕೆ ಹಕ್ಕುಗಳ ಪಟ್ಟಿ ಸೇರಿಸಿದ್ದೇ ಕೆಲವು ವಿಷಯಗಳನ್ನು ಬಹುಮತದ ಕೈಗೆ ಸಿಗದಂತೆ ಎತ್ತಿಡುವುದಕ್ಕೆ, ಅವು ವೋಟಿಗೆ ಹಾಕುವ ಸಂಗತಿಗಳಲ್ಲ ಎಂದರು. ಫ್ರಾಂಕ್‌ಫರ್ಟರ್ ಒಪ್ಪಲಿಲ್ಲ. ಇತಿಹಾಸದಲ್ಲಿ ಅತಿ ಹೆಚ್ಚು ಹಿಂಸೆ ಉಂಡ ಅಲ್ಪಸಂಖ್ಯಾತರಲ್ಲಿ ನಾನೂ ಒಬ್ಬ, ಆದರೂ ನನ್ನ ಸ್ವಂತ ಭಾವನೆಯನ್ನು ಸಂವಿಧಾನದೊಳಗೆ ಸೇರಿಸಲಾರೆ ಎಂಬರ್ಥದಲ್ಲಿ ನೋವಿನಿಂದಲೇ ಬರೆದರು.

ಇಲ್ಲಿಗೆ ಕತೆ ಸುಖಾಂತ್ಯ ಅಂದುಕೊಳ್ಳಬೇಡಿ. ಸರಿಯಾಗಿ ಒಂದು ವಾರಕ್ಕೆ, ಜೂನ್ 21ರಂದು, ಇದೇ ಒಂಬತ್ತು ಮಂದಿ ಒಮ್ಮತದಿಂದ ಗಾರ್ಡನ್ ಹಿರಬಯಾಶಿ ಎಂಬ ವಿದ್ಯಾರ್ಥಿಯ ಶಿಕ್ಷೆಯನ್ನು ಎತ್ತಿಹಿಡಿದರು. ಜಪಾನಿ ಮೂಲದವರ ಮೇಲೆ ಹೇರಿದ್ದ ಕರ್ಫ್ಯೂ ಮುರಿದದ್ದು ಆತನ ಅಪರಾಧ. ಹುಟ್ಟಿನಿಂದ ಅಮೆರಿಕದ ಪ್ರಜೆ. ಆ ತೀರ್ಪು ಬರೆದವರು ಯಾರು ಗೊತ್ತೇ? ಅಂದು ಮಕ್ಕಳ ಪರ ಒಬ್ಬರೇ ನಿಂತ ಸ್ಟೋನ್, ಈಗ ಮುಖ್ಯ ನ್ಯಾಯಮೂರ್ತಿ. ಶಾಲೆಯ ಮಗುವಿಗೆ ಕಂಡ ಹಕ್ಕು ಸೇನೆಯ ಆಜ್ಞೆಯ ಮುಂದೆ ಅವರಿಗೂ ಕಾಣಲಿಲ್ಲ. ಆತನ ಶಿಕ್ಷೆ ಪೂರ್ತಿ ರದ್ದಾಗಿದ್ದು 1987ರಲ್ಲಿ.

ಅರ್ಜಿ, ಫಿರ್ಯಾದಿ, ವಕೀಲ ಎಂಬ ಮಾತುಗಳು ಪರದೇಶದಿಂದ ಬಂದು ನಮ್ಮ ಉರ್ದುವಿನಲ್ಲೂ ಕನ್ನಡದಲ್ಲೂ ನೆಲೆಯಾದ ಹಾಗೆ ತೀರ್ಪುಗಳೂ ದೇಶ ದಾಟುತ್ತವೆ. 1985ರಲ್ಲಿ ಕೇರಳದ ಶಾಲೆಯೊಂದು ಅದೇ ಪಂಥದ ಮೂರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ನಮ್ಮ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬಾರ್ನೆಟ್ ತೀರ್ಪನ್ನೂ ಉಲ್ಲೇಖಿಸಿ, ನಮ್ಮದೇ 19 ಮತ್ತು 25ನೇ ವಿಧಿಗಳ ಆಧಾರದಲ್ಲಿ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಆದೇಶಿಸಿದರು. ಅದೇ ಬಿಜೋ ಇಮ್ಯಾನುಯೆಲ್ ಪ್ರಕರಣ.

2022ರ ಅಕ್ಟೋಬರ್ 13ರಂದು ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ ಹುಡುಗಿಯರ ಪರ ಬರೆದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಕೈಯಲ್ಲಿ ಹಿಡಿದದ್ದು ಈ ಬಿಜೋ ತೀರ್ಪನ್ನೇ. ಪೀಠದಲ್ಲಿದ್ದವರು ಇಬ್ಬರು. ಜೊತೆಗಿದ್ದ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಒಪ್ಪಲಿಲ್ಲ. 1-1.